ಕೃಷಿ ಸಹಾಯಧನವೂ ಗಡಿನಾಡಿನ ಒಕ್ಕಲೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಕ್ತಲಿನಲ್ಲಿ ಮಾಡಿದ ಭಾಷಣದ ಲೇಖನರೂಪ)



ಕನ್ನಡ ಪಂಡಿತನಾದ ನಾನು ಇಂಥ ಮಂಗಳ ಸಮಾರಂಭದಲ್ಲಿ ಕಾವ್ಯವನ್ನು ಕುರಿತೋ ಶರಣರನ್ನು ಕುರಿತೋ ನಾಲ್ಕು ಮಾತನ್ನಾಡುವೆನೆಂದು ತಾವು ನಿರೀಕ್ಷಿಸಿದ್ದರೆ ಅದು ಸಹಜವೇ ಆಗಿದೆ. ಆದರೆ ಈ ಸಲ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಾರ್ಯದರ್ಶಿಗಳು ನನಗೇ ಬಿಟ್ಟುಕೊಟ್ಟರು. ನಾನು ಆರಿಸಿಕೊಂಡದ್ದು ಹೊಲದ ವಿಷಯ. ಬೇಸಾಯಕ್ಕೆಂದು ಸರಕಾರವು ಕೊಡುವ ಹಣ ಯಾರ ಕೈಯನ್ನು ಸೇರುತ್ತದೆ, ಯಾರ ಕೈಯನ್ನು ಸೇರುವುದಿಲ್ಲ ಎಂಬುದೇ ಇಂದಿನ ನನ್ನ ಮಾತಿನ ಸಾರ.

ಇದು ಕನ್ನಡ ಸಂಘಕ್ಕೆ ಸಂಬಂಧಿಸಿದ ವಿಷಯವೇ ಎಂದು ಕೆಲವರಿಗೆ ಸಂದೇಹ ಬಂದೀತು. ಕೃಷ್ಣಾ, ಗುಡೇಬಲ್ಲೂರು, ಹಿಂದೂಪುರ, ಮುಡುಮಾಲ ಮೊದಲಾದ ಗ್ರಾಮಗಳಲ್ಲಿ ಕನ್ನಡವನ್ನು ಉಳಿಸಿದವರು ನಾವು ಪಂಡಿತರಲ್ಲ, ಅಲ್ಲಿಯ ಒಕ್ಕಲುಮಕ್ಕಳು. ಅವರ ಮನೆಯಲ್ಲಿ ಕನ್ನಡವಿದೆ; ಆದುದರಿಂದ ನಮ್ಮ ಶಾಲೆಯಲ್ಲಿ ಕನ್ನಡವಿದೆ. ಸುಗ್ಗಿ ಕೈಕೊಟ್ಟ ವರ್ಷ ಆ ಮನೆಗೆ ಬೀಗ ಬೀಳುತ್ತದೆ. ಸಂಸಾರ ಹೈದರಾಬಾದಿಗೋ ಬೆಂಗಳೂರಿಗೋ ಮುಂಬಯಿಗೋ ಕೂಲಿಗೆ ಹೊರಡುತ್ತದೆ. ತರಗತಿಯ ಹಾಜರಿ ಪುಸ್ತಕದಲ್ಲಿ ಎರಡು ಹೆಸರುಗಳ ಮುಂದೆ ಗೈರುಹಾಜರಿ ಬೀಳುತ್ತದೆ. ಪಾಲಮೂರಿನ ಕೂಲಿ ಎಂಬ ಹೆಸರು ದೇಶದಲ್ಲೆಲ್ಲ ಪ್ರಸಿದ್ಧವಾದದ್ದು ಹೀಗೆ. ಬೇಸಾಯದ ಮನೆ ಊರಿನಲ್ಲಿ ನಿಂತರೆ ಭಾಷೆ ನಿಂತೀತು. ಆದಕಾರಣ ಈ ವಿಷಯ ನಮ್ಮದೇ.

ಮೊದಲಿಗೆ ಒಂದೆರಡು ಶಬ್ದಗಳ ವಿಚಾರ. ಪಂಡಿತನ ಚಾಪಲ್ಯವೆಂದು ತಾವು ಕ್ಷಮಿಸಬೇಕು. 'ಒಕ್ಕಲು' ಎಂಬ ನಮ್ಮ ಹಳೆಯ ಮಾತಿಗೆ ಮನೆ, ವಾಸ, ಸಂಸಾರ ಎಂಬ ಅರ್ಥಗಳಿವೆ. ಭೂಮಿಯನ್ನು ಸಾಗುಮಾಡುವವನು ಎಂಬ ಅರ್ಥವೂ, ಒಡೆಯನ ಭೂಮಿಯನ್ನು ಗೇಣಿಗೆ ಮಾಡುವವನು ಎಂಬ ಅರ್ಥವೂ ಇವೆ. ಅಂದರೆ ನೆಲದ ಮೇಲೆ ನೆಲಸಿ ದುಡಿಯುವವನಿಗೇ ಕನ್ನಡವು ಆ ಹೆಸರನ್ನು ಕೊಟ್ಟಿತು. 'ರೈತ' ಎಂಬುದು ಅರಬ್ಬಿಯ 'ರಯ್ಯತ್' ಎಂಬುದರಿಂದ ಬಂದದ್ದು. ಅದರ ಅರ್ಥ ಪ್ರಜೆ. 'ಪಟ್ಟಾ' ಎಂಬುದಾದರೋ ಬೇರೆಯೇ ಜಾತಿಯ ಶಬ್ದ. ಬರೆದ ಹಲಗೆ, ಶಾಸನದ ತಗಡು, ಹಕ್ಕಿನ ಪತ್ರ ಎಂಬುದೇ ಅದರ ಹಿನ್ನೆಲೆ. ಒಕ್ಕಲು ಎಂಬುದು ದುಡಿಮೆಯ ಹೆಸರು. ಪಟ್ಟೇದಾರ ಎಂಬುದು ಪತ್ರದ ಹೆಸರು. ಒಬ್ಬನೇ ಮನುಷ್ಯನು ಎರಡೂ ಆಗಿರುವಲ್ಲಿ ತೊಡಕಿಲ್ಲ. ಇಬ್ಬರೂ ಬೇರೆಬೇರೆಯಾದಾಗ ಸರಕಾರದ ಸಹಾಯ ಯಾರ ಬಾಗಿಲಿಗೆ ಬರಬೇಕು? ಪ್ರಶ್ನೆ ಇಷ್ಟೇ.

ಈ ಪ್ರಶ್ನೆ ಇಂದು ಹುಟ್ಟಿದ್ದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಜನಪದವನ್ನು ನೆಲೆಗೊಳಿಸುವ ಕ್ರಮವನ್ನು ಹೇಳುವಾಗ, ಬೇಸಾಯಗಾರರಿಗೆ ರಾಜನು ಧಾನ್ಯ, ದನ, ಹಣಗಳನ್ನು ಕೊಟ್ಟು ಅನುಗ್ರಹಿಸಬೇಕೆಂದೂ, ಅವರು ಅದನ್ನು ಅನುಕೂಲವಾದಾಗ ತೀರಿಸಬಹುದೆಂದೂ ವಿಧಿಸುತ್ತಾನೆ. ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ: ಭೂಮಿಯನ್ನು ಪಡೆದೂ ಉಳದವರಿಂದ ಅದನ್ನು ತೆಗೆದು ಬೇರೆಯವರಿಗೆ ಕೊಡಬೇಕು. ಅಷ್ಟು ಕಠಿನವಾದ ರಾಜನೀತಿಯನ್ನು ನಾನು ಇಂದು ಪ್ರತಿಪಾದಿಸುತ್ತಿಲ್ಲ. ಆದರೆ ಅನುಗ್ರಹದ ಗುರಿ ಉಳುಮೆಯೆಂಬುದು ಆ ಪ್ರಾಚೀನ ಲೇಖಕನಿಗೆ ಸ್ಪಷ್ಟವಾಗಿತ್ತೆಂಬುದನ್ನು ಗಮನಿಸಬೇಕು.

ನಮ್ಮ ಸೀಮೆಯ ಭೂಮಿಯ ಕಥೆಯನ್ನು ತಾವು ಬಲ್ಲಿರಿ. ಗದ್ವಾಲದ ಕಡೆ ಸಂಸ್ಥಾನದ ಆಡಳಿತ, ಉಳಿದೆಡೆ ಜಾಗೀರು ಮತ್ತು ದಿವಾನಿ. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದು ಸಂಸ್ಥಾನದ ಗೇಣಿ ಮತ್ತು ಕೃಷಿಭೂಮಿ ಶಾಸನವು ಬಂದು, ರಕ್ಷಿತ ಗೇಣಿದಾರನೆಂಬ ಒಂದು ಹೊಸ ಹಕ್ಕಿನ ವರ್ಗವನ್ನು ನಿರ್ಮಿಸಿತು. ಅವರಲ್ಲಿ ಎಷ್ಟೋ ಮಂದಿ ಮುಂದೆ ಉತ್ತ ನೆಲಕ್ಕೆ ಒಡೆಯರೂ ಆದರು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳೂ ಗುಲಬರ್ಗಾ ಜಿಲ್ಲೆಯ ಕೊಡಂಗಲ್ ತಾಲೂಕೂ ಆಂಧ್ರಪ್ರದೇಶಕ್ಕೆ ಸೇರಿದವು. ಗಡಿರೇಖೆ ಎಳೆಯಲ್ಪಟ್ಟಿತು, ನೆಲವೂ ನೆಂಟಸ್ತಿಕೆಯೂ ರೇಖೆಯ ಎರಡೂ ಕಡೆ ಉಳಿದವು.

ಇನ್ನು ಪ್ರಸ್ತುತಕ್ಕೆ ಬರುತ್ತೇನೆ. 2018ರ ಮೇ ತಿಂಗಳಲ್ಲಿ ತೆಲಂಗಾಣ ಸರಕಾರವು 'ರೈತು ಬಂಧು' ಎಂಬ ಯೋಜನೆಯನ್ನು ಪ್ರಾರಂಭಿಸಿತು. ಎಕರೆಗೆ, ಒಂದು ಹಂಗಾಮಿಗೆ 4,000 ರೂಪಾಯಿ, 2019ರಿಂದ 5,000. ಬಿತ್ತನೆಗೆ ಮೊದಲೇ ಬೀಜಗೊಬ್ಬರಗಳಿಗಾಗಿ ನಗದು ಹಣವನ್ನು ಕೊಡುವ ಈ ಕ್ರಮ ದೇಶಕ್ಕೇ ಹೊಸದಾಗಿತ್ತು. ಮುಂದಿನ ವರ್ಷ, 2019ರ ಫೆಬ್ರುವರಿಯಲ್ಲಿ, ಕೇಂದ್ರ ಸರಕಾರದ 'ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ'ಯು ಬಂತು. ಭೂಮಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. 2023ರ ಡಿಸೆಂಬರಿನಲ್ಲಿ ರಾಜ್ಯದ ಸರಕಾರವು ಬದಲಾಯಿತು. 'ರೈತು ಬಂಧು' ಹೋಗಿ 'ರೈತು ಭರೋಸಾ' ಬಂತು. 2025ರ ಜನವರಿ 26ರಂದು ನಮ್ಮ ನಾರಾಯಣಪೇಟೆ ಜಿಲ್ಲೆಯ ಕೊಸಗಿ ಮಂಡಲದ ಚಂದ್ರವಂಚ ಗ್ರಾಮದಲ್ಲಿಯೇ ಅದರ ಉದ್ಘಾಟನೆಯಾಯಿತು. ಈಗ ಎಕರೆಗೆ ವರ್ಷಕ್ಕೆ 12,000 ರೂಪಾಯಿಯ ಲೆಕ್ಕ.

ಇದರಿಂದ ಆದ ಉಪಕಾರವನ್ನು ಮರೆಮಾಚುವುದು ಕೃತಘ್ನತೆಯಾದೀತು. 2015-16ರ ಕೃಷಿ ಗಣತಿಯ ಪ್ರಕಾರ ತೆಲಂಗಾಣದ ಹಿಡುವಳಿಗಳಲ್ಲಿ ನೂರಕ್ಕೆ ಸುಮಾರು 88 ಎರಡು ಹೆಕ್ಟೇರಿನೊಳಗಿನವು, ಎಂದರೆ ಐದು ಎಕರೆಯೊಳಗಿನವು. ಎರಡೆಕರೆ ಕೆಂಪುಮಣ್ಣಿನಲ್ಲಿ ತೊಗರಿ ಹಾಕುವ ಮನುಷ್ಯನಿಗೆ ರೋಹಿಣಿ ಮಳೆಯ ಹೊತ್ತಿನಲ್ಲಿ ಹತ್ತು ಹನ್ನೆರಡು ಸಾವಿರ ರೂಪಾಯಿ ಕೈಗೆ ಬಂದರೆ, ನೂರಕ್ಕೆ ತಿಂಗಳಿಗೆ ಎರಡು ಮೂರು ರೂಪಾಯಿ ಬಡ್ಡಿಯ ಸಾಹುಕಾರನ ಮೆಟ್ಟಿಲನ್ನು ಅವನು ಹತ್ತಬೇಕಾಗಿಲ್ಲ. ಮೊದಲ ಸಲ ಊರಲ್ಲಿ ಚೆಕ್ಕು ಕೊಟ್ಟರು. ಆಮೇಲೆ ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬಂತು. ನಡುವೆ ಕೈಗಳು ಕಡಿಮೆಯಾದಷ್ಟೂ ಸೋರಿಕೆ ಕಡಿಮೆ.

ಹಾಗಾದರೆ ಆಕ್ಷೇಪವೇನು? ಹಣವು ಪಟ್ಟೇದಾರನ ಪಾಸುಬುಕ್ಕನ್ನು ಹಿಂಬಾಲಿಸಿತು. ಎಷ್ಟು ಎಕರೆಯೋ ಅಷ್ಟು ಹಣ, ಮೇಲ್ಮಿತಿಯಿಲ್ಲ. ಎರಡೆಕರೆಯವನಿಗೆ ವರ್ಷಕ್ಕೆ 20,000 ಬಂದ ಕಾಲದಲ್ಲಿ 40 ಎಕರೆಯವನಿಗೆ 4 ಲಕ್ಷ ಬಂತು. ಅವನು ಊರಲ್ಲಿರಲಿ, ನಗರದಲ್ಲಿ ಉದ್ಯೋಗದಲ್ಲಿರಲಿ, ಭೂಮಿಯನ್ನು ಬೀಳುಬಿಟ್ಟಿರಲಿ, ವಿಚಾರಣೆಯಿರಲಿಲ್ಲ. ಸ್ಥಿತಿವಂತರು ತಾವಾಗಿಯೇ ಹಣವನ್ನು ಬಿಟ್ಟುಕೊಡಬಹುದೆಂದು ಸರಕಾರವು ಸೂಚಿಸಿತ್ತು. ಔದಾರ್ಯಕ್ಕೆ ಬಿಟ್ಟ ಕೆಲಸ ಎಷ್ಟಾಗುವುದೋ ಅಷ್ಟಾಯಿತು. ಈಗಿನ ಯೋಜನೆಯಲ್ಲಿ ಬಂಡೆ, ಗುಡ್ಡ, ರಸ್ತೆ, ನಿವೇಶನವಾದ ಜಮೀನುಗಳನ್ನು ಕೈಬಿಟ್ಟಿದ್ದಾರೆ; ಅದು ಒಂದು ಸುಧಾರಣೆ. ಎಕರೆಯ ಲೆಕ್ಕ ಮಾತ್ರ ಹಾಗೆಯೇ ಇದೆ. ಇದು ನಮ್ಮಲ್ಲಿಯ ದೋಷವೊಂದೇ ಅಲ್ಲ. ಯೂರೋಪಿನ ದೇಶಗಳಲ್ಲಿಯೂ ಹೆಕ್ಟೇರಿನ ಲೆಕ್ಕದಲ್ಲಿ ಹಣವನ್ನು ಹಂಚಲಾಗಿ, ನೂರರಲ್ಲಿ 80 ಭಾಗ ಕೇವಲ 20 ಪಾಲಿನವರಿಗೆ ಸೇರುತ್ತದೆಂಬ ಕೂಗು ಬಹುಕಾಲದಿಂದ ಇದೆ.

ಆದರೆ ಹೆಚ್ಚು ಪಡೆದವನ ವಿಚಾರಕ್ಕಿಂತ ಏನೂ ಪಡೆಯದವನ ವಿಚಾರ ನನಗೆ ದೊಡ್ಡದು. ಅವರು ಯಾರು?

ಮೊದಲನೆಯವನು ಲಾವಣಿಗೆ ಹೊಲ ಮಾಡುವವನು. ಲಾವಣಿಯೆನ್ನಿ, ಕೌಲು ಎನ್ನಿ, ಪಾಲು ಎನ್ನಿ, ನಮ್ಮ ಊರುಗಳಲ್ಲಿ ಅದು ಯುಗಾದಿಯ ಆಸುಪಾಸಿನಲ್ಲಿ ಬಾಯಿಮಾತಿನಲ್ಲಿ ಮುಗಿಯುವ ಒಪ್ಪಂದ. 2022ರಲ್ಲಿ 'ರೈತು ಸ್ವರಾಜ್ಯ ವೇದಿಕೆ'ಯವರು ತೆಲಂಗಾಣದ ಹಲವು ಜಿಲ್ಲೆಗಳ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ವಿಚಾರಿಸಿದ ಬೇಸಾಯಗಾರರಲ್ಲಿ ನೂರಕ್ಕೆ ಸುಮಾರು 36 ಮಂದಿ ಗೇಣಿಗೆ ಮಾಡುವವರೆಂದು ಕಂಡುಬಂತು. ಮೂವರಲ್ಲಿ ಒಬ್ಬನಿಗಿಂತ ಹೆಚ್ಚೆಂದಾಯಿತು. ಇಂಥವನೊಬ್ಬನು ಐದೆಕರೆಯನ್ನು ಮಾಡುತ್ತಾನೆಂದಿಟ್ಟುಕೊಳ್ಳಿ. ಗೇಣಿಯ ಹಣ ಅವನದು, ಬೀಜ ಅವನದು, ಗೊಬ್ಬರ ಅವನದು, ಮಳೆ ಬಾರದಿದ್ದರೆ ನಷ್ಟವೂ ಅವನದೇ. ಇಂದಿನ ದರದಲ್ಲಿ ಆ ಐದೆಕರೆಗೆ ವರ್ಷಕ್ಕೆ ಬರುವ 60,000 ರೂಪಾಯಿ ಮಾತ್ರ ಒಡೆಯನ ಖಾತೆಗೆ. ಸಹಾಯಧನ ಬಂದ ಮೇಲೆ ಗೇಣಿಯನ್ನು ಇಳಿಸಿದ ಒಡೆಯರು ಇಲ್ಲವೆಂದು ನಾನು ಹೇಳಲಾರೆ. ಆದರೆ ಅದು ಅವರ ಸೌಜನ್ಯ, ಗೇಣಿದಾರನ ಹಕ್ಕಲ್ಲ. 2023ರ ಚುನಾವಣೆಯಲ್ಲಿ ಗೇಣಿದಾರರಿಗೂ ಕೊಡುವೆವೆಂಬ ವಾಗ್ದಾನವಿತ್ತು. 2025ರಲ್ಲಿ ಹಣ ಹಂಚಿಕೆಯಾದಾಗ ಅವರ ಸರದಿ ಬರಲಿಲ್ಲ.

ಹಣವಾದರೂ ಹೋಗಲಿ. ಇದಕ್ಕಿಂತ ಕರುಣಾಜನಕವಾದ ಸಂಗತಿಯೊಂದಿದೆ. 2018ರ ಆಗಸ್ಟಿನಲ್ಲಿ 'ರೈತು ಬೀಮಾ' ಎಂಬ ಜೀವವಿಮೆಯನ್ನು ಸರಕಾರವು ಜಾರಿಗೆ ತಂದಿತು. 18ರಿಂದ 59 ವರ್ಷದೊಳಗಿನ ರೈತನು ಯಾವ ಕಾರಣದಿಂದ ಮರಣಹೊಂದಿದರೂ ಅವನ ಮನೆಯವರಿಗೆ 5 ಲಕ್ಷ ರೂಪಾಯಿ. ಕಂತನ್ನೆಲ್ಲ ಸರಕಾರವೇ ಕಟ್ಟುತ್ತದೆ. ಇದು ನಿಜವಾಗಿಯೂ ಪುಣ್ಯದ ಕಾರ್ಯ. ಆದರೆ ಇಲ್ಲಿಯೂ ರೈತನೆಂದರೆ ಪಾಸುಬುಕ್ಕಿನಲ್ಲಿ ಹೆಸರುಳ್ಳವನು. ಹತ್ತು ಗುಂಟೆ ಪಟ್ಟಾ ಇದ್ದು ಒಂದು ದಿನವೂ ನೇಗಿಲು ಮುಟ್ಟದವನು ಈ ವಿಮೆಗೆ ಅರ್ಹ. ಇಪ್ಪತ್ತು ವರ್ಷ ಪರರ ಹೊಲವನ್ನು ಉತ್ತು, ಸಾಲದ ಹೊರೆಯಲ್ಲಿಯೇ ಕಣ್ಣುಮುಚ್ಚಿದವನು ಅರ್ಹನಲ್ಲ. ಗಂಡನನ್ನು ಕಳೆದುಕೊಂಡ ಆ ತಾಯಿ ಕಚೇರಿಗೆ ಹೋದರೆ, 'ನಿನ್ನ ಗಂಡ ರೈತನೆಂಬುದಕ್ಕೆ ದಾಖಲೆ ಏನಮ್ಮ?' ಎಂಬ ಪ್ರಶ್ನೆ ಬರುತ್ತದೆ. ಊರಿಗೆ ಊರೇ ಸಾಕ್ಷಿ ಹೇಳೀತು. ಆ ಸಾಕ್ಷಿಯನ್ನು ಬರೆಯುವ ಜಾಗ ಪುಸ್ತಕದಲ್ಲಿ ಇಲ್ಲ.

ಎರಡನೆಯವನು ನೆಲವೇ ಇಲ್ಲದ ಕೂಲಿಕಾರ. ಇವನಿಗೆಂದು 2025ರ ಜನವರಿಯಲ್ಲಿಯೇ 'ಇಂದಿರಮ್ಮ ಆತ್ಮೀಯ ಭರೋಸಾ' ಎಂಬ ಯೋಜನೆಯನ್ನು ಪ್ರಾರಂಭಿಸಿ, ಕುಟುಂಬಕ್ಕೆ ವರ್ಷಕ್ಕೆ 12,000 ರೂಪಾಯಿಯನ್ನು ಗೊತ್ತುಮಾಡಿದರು. ಕೂಲಿಕಾರನನ್ನು ಬೇಸಾಯದ ಅಂಗವೆಂದು ಒಪ್ಪಿದ್ದು ದೊಡ್ಡ ಮಾತು. ಆದರೆ ನಿಯಮವೇನು? ಮನೆಯವರಿಗೆ ಭೂಮಿ ಇರಕೂಡದು. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸದಲ್ಲಿ 2023-24ನೇ ಸಾಲಿನಲ್ಲಿ ಕನಿಷ್ಠ 20 ದಿನ ದುಡಿದಿರಬೇಕು. ಬೇಸಗೆಯಲ್ಲಿ ಹೆಂಡತಿ ಮಕ್ಕಳೊಡನೆ ನಗರಕ್ಕೆ ಗುಳೆ ಹೋದವನು ಊರಿನ ಕೆರೆಯ ಕೆಲಸದಲ್ಲಿ ಇಪ್ಪತ್ತು ದಿನದ ಹಾಜರಿಯನ್ನು ಎಲ್ಲಿಂದ ತಂದಾನು? ಯಾರಿಗೆ ಸಹಾಯದ ಅಗತ್ಯ ಹೆಚ್ಚೋ ಅವನೇ ಊರಲ್ಲಿರಲಿಲ್ಲವೆಂಬ ಕಾರಣಕ್ಕೆ ಹೊರಗುಳಿಯುತ್ತಾನೆ. ನಾಲ್ಕು ಗುಂಟೆ ಬರಡು ನೆಲವುಳ್ಳವನೋ ಭೂಮಿಯುಳ್ಳವನಾಗಿ ಇದರಿಂದ ಹೊರಗೆ. ಆ ನಾಲ್ಕು ಗುಂಟೆಗೆ ಅವನಿಗೆ ಬರುವುದು ವರ್ಷಕ್ಕೆ 1,200 ರೂಪಾಯಿ.

ಮೂರನೆಯವಳು ಹೆಣ್ಣುಮಗಳು. ಗದ್ವಾಲದ ಕಡೆ ಹತ್ತಿಯ ಬೀಜದ ಬೆಳೆಯನ್ನು ನೋಡಿದವರು ಬಲ್ಲರು; ಹೂವಿಗೆ ಹೂವನ್ನು ಕೈಯಿಂದ ಮುಟ್ಟಿಸುವ ಆ ಸೂಕ್ಷ್ಮವಾದ ಕೆಲಸ ಹೆಚ್ಚಾಗಿ ಹೆಂಗಸರ ಬೆರಳುಗಳದು. ಬಿತ್ತುವುದು, ಕಳೆ ತೆಗೆಯುವುದು, ಬಿಡಿಸುವುದು ಇವೆಲ್ಲ ಅವರದೇ. ಪಾಸುಬುಕ್ಕಿನಲ್ಲಿರುವುದು ಗಂಡನ ಹೆಸರು, ಅಥವಾ ತೀರಿಹೋದ ಮಾವನ ಹೆಸರು. ವಾರಸುದಾರರ ಹೆಸರಿಗೆ ಖಾತೆ ಬದಲಾಗದೆ ನಿಂತ ಎಷ್ಟೋ ಮನೆಗಳಿಗೆ ಅಣ್ಣತಮ್ಮಂದಿರ ಮನಸ್ತಾಪದಿಂದ ಸಹಾಯಧನ ನಿಂತುಹೋಗಿದೆ.

ನಾಲ್ಕನೆಯವನು ನಮ್ಮವನೇ ಆದ ಕನ್ನಡಿಗ. ಅವನಿಗೆ ಪಟ್ಟಾ ಇದೆ, ಅರ್ಹತೆ ಇದೆ. ಆದರೆ ಅರ್ಜಿಯೂ ಪ್ರಕಟಣೆಯೂ ತೆಲುಗಿನಲ್ಲಿವೆ. ಲಿಪಿಗಳು ಅಕ್ಕತಂಗಿಯರಂತಿರುವುದರಿಂದ ಅಕ್ಷರವನ್ನು ಕೂಡಿಸಿ ಓದಿಯಾನು, ಕಾನೂನಿನ ಮಾತು ತಿಳಿಯದು. ಕನ್ನಡದಲ್ಲಿ ಒಂದು ಬಗೆ, ತೆಲುಗಿನಲ್ಲಿ ಇನ್ನೊಂದು ಬಗೆ, ಆಧಾರ್ ಚೀಟಿಯಲ್ಲಿ ಮತ್ತೊಂದು ಬಗೆಯಾಗಿ ಅವನ ಹೆಸರು ನಿಂತಿರುತ್ತದೆ. ಹಣಮಂತಪ್ಪನೂ ಹನ್ಮಂತುವೂ ಒಬ್ಬನೇ ಎಂದು ಊರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ಗೇಣಿದಾರನ ಹೆಸರನ್ನು ಬರೆಯಲು ಒಡೆಯರೇಕೆ ಹೆದರುತ್ತಾರೆ? ಇದಕ್ಕೆ ಇತಿಹಾಸದಲ್ಲಿಯೇ ಉತ್ತರವಿದೆ. 1950ರ ಶಾಸನದಿಂದ ಗೇಣಿದಾರನು ಒಡೆಯನಾದ ನೆನಪು ಮನೆತನಗಳಲ್ಲಿ ಇಂದಿಗೂ ಹಸಿಯಾಗಿದೆ. ಹೆಸರು ಬರೆದುಕೊಟ್ಟರೆ ನೆಲ ಹೋಯಿತೆಂಬ ಭೀತಿ. ಆದಕಾರಣ ಒಪ್ಪಂದ ಬಾಯಿಯಲ್ಲಿಯೇ ಉಳಿಯಿತು. ಹಳೆಯ ಪಹಣಿಯಲ್ಲಿ ಅನುಭವದಾರನೆಂಬ ಒಂದು ಅಂಕಣವಾದರೂ ಇತ್ತು. 2017ರಲ್ಲಿ ಭೂದಾಖಲೆಗಳ ಪರಿಷ್ಕರಣವಾಗಿ ಹೊಸ ಪಾಸುಬುಕ್ಕುಗಳು ಬಂದಾಗ ಅದೂ ಮಾಯವಾಯಿತು. 2020ರಲ್ಲಿ 'ಧರಣಿ' ಬಂತು. 2025ರ ಏಪ್ರಿಲಿನಲ್ಲಿ 'ಭೂಭಾರತಿ' ಬಂತು. ಈ ಹೊಸ ಶಾಸನದ ಮೊದಲ ಪ್ರಯೋಗಕ್ಕೆ ಆರಿಸಿದ ನಾಲ್ಕು ಮಂಡಲಗಳಲ್ಲಿ ನಮ್ಮ ಜಿಲ್ಲೆಯ ಮದ್ದೂರೂ ಒಂದು. ನದಿಯ ಆಚೆ, ದೇವಸೂಗೂರಿನ ನಮ್ಮ ನೆಂಟರ ಪಹಣಿಯಲ್ಲಿ ಸಾಗುವಳಿದಾರನಿಗೆ ಇಂದಿಗೂ ಅಂಕಣವಿದೆ. ಆದರೆ ಕರ್ನಾಟಕದಲ್ಲಿ 1974ರಿಂದ ಗೇಣಿಯೇ ನಿಷಿದ್ಧವಾದುದರಿಂದ ಅಲ್ಲಿ ಗುಟ್ಟಾಗಿ ಲಾವಣಿಗೆ ಮಾಡುವವನ ಹೆಸರು ಬರೆಯಲ್ಪಡುವುದಿಲ್ಲ. ಈ ದಡದಲ್ಲಿ ಅಂಕಣವಿಲ್ಲ. ಆ ದಡದಲ್ಲಿ ಅಂಕಣವಿದ್ದೂ ಹೆಸರಿಲ್ಲ.

ಗೇಣಿದಾರನಿಗೆ ಕೊಟ್ಟರೆ ಒಡೆಯನು ಗೇಣಿಯನ್ನೇ ಏರಿಸುವನು, ಇಲ್ಲವೇ ಹೊಲವನ್ನೇ ಬಿಡಿಸಿಕೊಳ್ಳುವನು ಎಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ತುಂಗಭದ್ರೆಯ ಆಚೆಯ ಕರ್ನೂಲಿನ ಕಡೆ ನೋಡಿ. 2019ರಲ್ಲಿ ಆಂಧ್ರಪ್ರದೇಶವು ಸಾಗುವಳಿದಾರನಿಗೆ ಹನ್ನೊಂದು ತಿಂಗಳ ಹಕ್ಕುಪತ್ರವನ್ನು ಕೊಡುವ ಶಾಸನವನ್ನು ಮಾಡಿತು. ಪರಿಶಿಷ್ಟ, ಹಿಂದುಳಿದ ಹಾಗೂ ಅಲ್ಪಸಂಖ್ಯಾತ ವರ್ಗಗಳ ಭೂಹೀನ ಗೇಣಿದಾರರಿಗೆ ವರ್ಷಕ್ಕೆ 13,500 ರೂಪಾಯಿಯ ಸಹಾಯವನ್ನೂ ಗೊತ್ತುಮಾಡಿತು. ಆದರೆ ಆ ಪತ್ರಕ್ಕೆ ಒಡೆಯನ ರುಜು ಬೇಕಾಗಿತ್ತು. ರುಜುವಿಗೆ ಒಡೆಯರು ಹಿಂಜರಿದಲ್ಲಿ ಕೆಲಸ ನಿಂತಿತು. ಒಡಿಶಾ ರಾಜ್ಯವು 2018ರ ಕೊನೆಯಲ್ಲಿ ಘೋಷಿಸಿದ 'ಕಾಲಿಯಾ' ಯೋಜನೆಯಲ್ಲಿ ಪಾಲುದಾರರನ್ನೂ ಭೂಹೀನರನ್ನೂ ಸೇರಿಸಿಕೊಂಡಿತು. ಎಕರೆಯನ್ನು ಎಣಿಸದೆ ಕುಟುಂಬವನ್ನು ಎಣಿಸಿದ್ದು ಅದರ ವಿಶೇಷ. ಕಷ್ಟಸಾಧ್ಯವಾದರೂ ಅಸಾಧ್ಯವಲ್ಲವೆಂಬುದಕ್ಕೆ ಇವು ನಿದರ್ಶನಗಳು.

ಇನ್ನೊಂದನ್ನು ಗಮನಿಸಿ. ಯೂರಿಯಾ ಗೊಬ್ಬರದ 45 ಕಿಲೋ ಚೀಲದ ಬೆಲೆ ಸುಮಾರು 266 ರೂಪಾಯಿ. ಉಳಿದ ವೆಚ್ಚವನ್ನು ಕೇಂದ್ರ ಸರಕಾರವು ಭರಿಸುತ್ತದೆ. ಚೀಲವನ್ನು ಕೊಳ್ಳುವವನು ಗೇಣಿದಾರನಾದರೂ ಆ ರಿಯಾಯಿತಿ ಅವನಿಗೆ ಸಿಕ್ಕುತ್ತದೆ. ಸಹಾಯವು ಗೊಬ್ಬರದ ಚೀಲದ ಮೂಲಕ ಬಂದರೆ ಉಳುವವನನ್ನು ಮುಟ್ಟುತ್ತದೆ. ಪತ್ರದ ಮೂಲಕ ಬಂದರೆ ಪತ್ರವುಳ್ಳವನಲ್ಲಿಯೇ ನಿಲ್ಲುತ್ತದೆ. ಯೋಜನೆಯನ್ನು ರೂಪಿಸುವವರು ಈ ವ್ಯತ್ಯಾಸವನ್ನು ಮನಗಾಣಬೇಕು.

ನಾವು ಮಾಡಬೇಕಾದುದೇನು? ಒಡೆಯರ ಮೇಲೆ ಗೇಣಿದಾರರನ್ನು ಎತ್ತಿಕಟ್ಟುವುದು ಈ ಸಂಘದ ಕೆಲಸವಲ್ಲ. ಈ ಸಭೆಯಲ್ಲಿ ಇಬ್ಬರೂ ಇದ್ದೀರಿ. ಇಬ್ಬರಿಗೂ ಒಪ್ಪಿಗೆಯಾಗಬಹುದಾದ ಒಂದು ದಾರಿಯಿದೆ. 2011ರಲ್ಲಿ ಅವಿಭಜಿತ ಆಂಧ್ರಪ್ರದೇಶದಲ್ಲಿ ಪರವಾನಿಗೆ ಪಡೆದ ಸಾಗುವಳಿದಾರರ ಶಾಸನವಾಯಿತು. ಅದರಂತೆ ಗೇಣಿದಾರನಿಗೆ ಒಂದು ವರ್ಷದ ಸಾಲ ಅರ್ಹತಾ ಪತ್ರವನ್ನು ಕೊಡಬಹುದು. ಒಡೆಯನ ಹಕ್ಕಿಗೆ ಅದರಿಂದ ಕೂದಲೆಳೆಯಷ್ಟೂ ಧಕ್ಕೆಯಿಲ್ಲವೆಂದು ಶಾಸನವೇ ಹೇಳುತ್ತದೆ. ತೆಲಂಗಾಣವಾದ ಮೇಲೆ ಆ ಪತ್ರಗಳು ಬರಬರುತ್ತ ಬಳಕೆ ತಪ್ಪಿದವು. ಅದನ್ನು ಮತ್ತೆ ಜಾರಿಗೆ ತರಬೇಕು, ಆ ಪತ್ರವುಳ್ಳವನಿಗೆ ಮೊದಲು ಜೀವವಿಮೆಯನ್ನು ಕೊಡಬೇಕು ಎಂಬುದು ನಮ್ಮ ಮೊದಲ ಬೇಡಿಕೆಯಾಗಲಿ. ಎಕರೆಯ ಹಣದ ಜಗಳ ಮುಂದೆ ತೀರಲಿ. ವಿಮೆಯನ್ನು ಕೊಟ್ಟರೆ ಒಡೆಯನ ಜೇಬಿನಿಂದ ಒಂದು ಕಾಸೂ ಹೋಗದು. ಗೇಣಿದಾರನ ಹೆಂಡತಿಮಕ್ಕಳು ಬೀದಿಗೆ ಬೀಳುವುದು ತಪ್ಪುತ್ತದೆ.

ಎರಡನೆಯದಾಗಿ, ಪ್ರತಿ ಗ್ರಾಮದಲ್ಲಿ ನಮ್ಮ ಸಂಘದ ಇಬ್ಬರು ಓದುಬಲ್ಲ ತರುಣರು ಯುಗಾದಿಯ ನಂತರ ಮನೆಮನೆಗೆ ಹೋಗಿ, ಲಾವಣಿಗೆ ಮಾಡುವವರು ಯಾರು, ಖಾತೆ ಬದಲಾಗದ ಮನೆ ಯಾವುದು, ಹೆಸರು ತಪ್ಪಾದವರು ಯಾರು ಎಂದು ಪಟ್ಟಿಮಾಡಲಿ. ಯೋಜನೆಗಳ ನಿಯಮಗಳನ್ನು ಸರಳವಾದ ಕನ್ನಡದಲ್ಲಿ ಬರೆದು ಹಂಚುವ ಕೆಲಸವನ್ನು ಶಿಕ್ಷಕರಾದ ನಾವು ವಹಿಸಿಕೊಳ್ಳುತ್ತೇವೆ.

ಮೂರನೆಯದಾಗಿ, ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಅಂಜಬೇಡಿ. ಭಾರತ ಸಂವಿಧಾನದ 350ನೇ ಅನುಚ್ಛೇದವು, ತನ್ನ ಕುಂದುಕೊರತೆಯನ್ನು ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಜೊತೆಗೆ ಒಂದು ತೆಲುಗು ಪ್ರತಿಯನ್ನಿಟ್ಟರೆ ಅಧಿಕಾರಿಗಳಿಗೂ ಅನುಕೂಲ. ತೆಲುಗು ನಮಗೆ ನೆರೆಮನೆಯ ಭಾಷೆ, ಹಗೆಯ ಭಾಷೆಯಲ್ಲ. ಲಾವಣಿಗೆ ಮಾಡುವ ತೆಲುಗು ರೈತನ ಕಷ್ಟಕ್ಕೂ ಕನ್ನಡ ರೈತನ ಕಷ್ಟಕ್ಕೂ ಭೇದವಿಲ್ಲ. ಪಟ್ಟಿಯಲ್ಲಿ ಅವನ ಹೆಸರನ್ನೂ ಬರೆಯಿರಿ.

ಬರುವ ಯುಗಾದಿಗೆ ಮೊದಲ ಪಟ್ಟಿ ಸಿದ್ಧವಾಗಲೆಂದೂ, ಅದನ್ನು ಮುಂದಿನ ವಾರ್ಷಿಕೋತ್ಸವದ ಸಭೆಯಲ್ಲಿ ಓದುವಂತಾಗಲೆಂದೂ ಪ್ರಾರ್ಥಿಸುತ್ತೇನೆ.